ಕಾರಂಜಾ ಜಲಾಶಯದಲ್ಲಿ ಓಡಿಸಲು ಬೋಟ್, ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ತಗೊಂಡರೆ ಬೈಕಿನ ಹಾಗೆ ಇನ್ಶೂರೆನ್ಸ್ ಸಿಗುತ್ತಾ?

ಸಿಗುತ್ತೆ ಸರ್, ಆದರೆ ಬೈಕಿನಷ್ಟು ಸುಲಭಕ್ಕಲ್ಲ. ನಾನು ಕಲಬುರಗಿಯಲ್ಲಿ ಜನರಲ್ ಇನ್ಶೂರೆನ್ಸ್ ಏಜೆಂಟ್. ನಮ್ಮ ಕಡೆ ಬ್ರಾಂಚ್‌ಗೆ ಹೋಗಿ ಟ್ರ್ಯಾಕ್ಟರ್, ಎಮ್ಮೆ ಅಂದರೆ ಫಾರಂ ತಕ್ಷಣ ಟೇಬಲ್ ಮೇಲೆ ಬರುತ್ತದೆ. ಜೆಟ್ ಸ್ಕೀ ಅಂದರೆ ಮ್ಯಾನೇಜರ್ ಒಮ್ಮೆ ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಮೇಲಿನ ಆಫೀಸಿನಲ್ಲಿ ಹಡಗು, ದೋಣಿಗಳ ವಿಮೆ ನೋಡುವ ಮರೈನ್ ವಿಭಾಗಕ್ಕೆ ಮೇಲ್ ಹಾಕುತ್ತಾರೆ. ಉತ್ತರ ಬರೋದು ನಿಧಾನ. ಮಳೆಗಾಲಕ್ಕೆ ಮೊದಲೇ ಕೇಳಿಡಿ.

ನೀವು ಭಾಲ್ಕಿ ಕಡೆಯವರು, ಎಂಟು ಸೀಟಿನ ಫೈಬರ್ ಬೋಟು ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ ನೋಡಿದ್ದೀರಿ. ಮನೆಯವರಿಗೇ ಅಂತ ಬರೆದು, ಕೊನೆಗೆ "ಹಬ್ಬಕ್ಕೆ ನಾಲ್ಕು ಜನಕ್ಕೆ ರೈಡ್ ಕೊಟ್ಟರೆ ಪೆಟ್ರೋಲ್ ಖರ್ಚು ಹುಟ್ಟುತ್ತೆ" ಅಂತಲೂ ಸೇರಿಸಿದ್ದೀರಿ. ತಕರಾರೆಲ್ಲ ಆ ಒಂದು ಸಾಲಿನಲ್ಲೇ ಇದೆ. ಸ್ವಂತ ಮೋಜಿನ ಪಾಲಿಸಿ ಮಾಡಿಸಿ ತಲೆಗೆ ನೂರು ರೂಪಾಯಿ ತಗೊಂಡರೆ, ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟ ಹಾಗೆ. ಕ್ಲೇಮ್ ಬಂದ ದಿನ ಕಂಪನಿಯವರು ಮೊದಲು ಕೇಳೋದೇ ಅದನ್ನ. ಯಾದಗಿರಿ ಕಡೆಯ ಒಬ್ಬರ ಕ್ಲೇಮ್ ಹೀಗೇ ಬಿದ್ದುಹೋಯಿತು. ಬೋಟಿನ ಬದಿಯಲ್ಲಿ ಪೇಂಟ್‌ನಲ್ಲಿ ಬರೆದಿದ್ದ ರೇಟು, ಅವರೇ ಕಳಿಸಿದ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು!

ದುಡ್ಡಿಗೆ ಓಡಿಸುವುದಾದರೆ ದಾರಿಯೇ ಬೇರೆ. ನೀರಿನ ಮೇಲೆ ಮೋಟಾರು ವಾಹನ ಕಾಯ್ದೆ ನಡೆಯುವುದಿಲ್ಲ. 1917ರ ಹಳೇ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ, 2022ರ ಜೂನ್‌ನಿಂದ ಜಾರಿಯಲ್ಲಿದೆ. ಎಂಜಿನ್ ಇರುವ ದೋಣಿಗೆ ನೋಂದಣಿ, ದೋಣಿ ಪರೀಕ್ಷಿಸಿ ಕೊಡುವ ಸರ್ವೆ ಸರ್ಟಿಫಿಕೇಟ್, ವಿಮೆ ಎಲ್ಲ ಅದರಲ್ಲಿ ಬರುತ್ತದೆ. ಜಲಾಶಯಕ್ಕೆ ಇಳಿಸಲು ನೀರಾವರಿಯವರ ಅನುಮತಿ ಬೇರೆ ಬೇಕು.

ಬೋಟು ಮುಳುಗಿದರೆ ಹೋಗೋದು ನಿಮ್ಮ ದುಡ್ಡು ಅಷ್ಟೇ. ಅದರಲ್ಲಿ ಕೂತವರಿಗೆ ಏನಾದರೂ ಆದರೆ ಹೊಲ ಮನೆ ಮಾರಿದರೂ ಸಾಲದು. ಹಾಗಾಗಿ ಹಲ್ ಕವರಿಗಿಂತ, ಅಂದರೆ ಬೋಟಿಗೇ ಆಗುವ ನಷ್ಟದ ವಿಮೆಗಿಂತ ಮೊದಲು ಮೂರನೆಯವರ ಮತ್ತು ಪ್ರಯಾಣಿಕರ ಹೊಣೆಯ ಕವರ್ ಎಷ್ಟು ಲಕ್ಷದ್ದು ಅಂತ ಕೇಳಿ. ಬೋಟಿನ ಬೆಲೆ ಸ್ವಲ್ಪ ಕಡಿಮೆ ಹಾಕಿದರೂ ನಡೆಯುತ್ತೆ, ಇದರಲ್ಲಿ ಜಿಪುಣತನ ಬೇಡ. ಎಂಟು ಸೀಟು ಅಂತ ಪಾಲಿಸಿಯಲ್ಲಿದ್ದರೆ ಒಂಬತ್ತನೆಯವರು ಮಗುವಾದರೂ ಹತ್ತಿಸಬೇಡಿ. 2019ರ ಜನವರಿಯಲ್ಲಿ ಕಾರವಾರದಲ್ಲಿ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇನಲ್ಲಿ ಕೇರಳದ ತಾನೂರಿನಲ್ಲಿ 22 ಜನ. ಎರಡರಲ್ಲೂ ಜನ ಜಾಸ್ತಿ ತುಂಬಿದ್ದರು.

ಈಗ ಷರತ್ತುಗಳು. ಮೋಜಿನ ದೋಣಿಯ ಪಾಲಿಸಿಗೆ ಸಾಮಾನ್ಯವಾಗಿ ಲಂಡನ್‌ನಲ್ಲಿ 1985ರಲ್ಲಿ ಬರೆದ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಜಸ್ ಅನ್ನೋ ಷರತ್ತುಗಳ ಪಟ್ಟಿ ಲಗತ್ತಿಸುತ್ತಾರೆ. ಸಣ್ಣ ಅಕ್ಷರ, ಆದರೂ ಕೂತು ಓದಿ. ಔಟ್‌ಬೋರ್ಡ್ ಎಂಜಿನ್ ತಾನಾಗಿ ಕಳಚಿ ನೀರಿಗೆ ಬಿದ್ದರೆ ದುಡ್ಡು ಬರುವುದಿಲ್ಲ ಅಂತ ಅದರಲ್ಲೇ ಇದೆ. ಬೋಟಿನ ಹಿಂದಿನ ಹಲಗೆಗೆ ಎಂಜಿನ್ ಕಚ್ಚಿಸುವ ಎರಡು ತಿರುಪು ಇರುತ್ತವಲ್ಲ, ಓಡಿಸಿದಂತೆ ಅದುರಿ ಅದುರಿ ಅವು ಸಡಿಲಾಗುತ್ತವೆ. ದಿನಾ ಬಿಗಿ ಮಾಡಿ, ಒಂದು ಸರಪಳಿಯನ್ನೂ ಹಾಕಿ. ಕಳವಿಗೂ ಷರತ್ತಿದೆ: ಮಾಮೂಲಿ ಬಿಗಿತ ಸಾಲದು, ಕಳ್ಳರು ಬಿಚ್ಚದ ಹಾಗೆ ಲಾಕ್ ಹಾಕಿರಬೇಕು. ಲಾಕಿನ ಬಿಲ್ಲು, ಫೋಟೋ ಎರಡೂ ಎತ್ತಿಡಿ.

ಜೆಟ್ ಸ್ಕೀಗೆ ಇನ್ನೂ ಬಿಗಿ. 17 ನಾಟ್, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್ ದಾಟುವ ಯಾವುದಕ್ಕೂ ಸ್ಪೀಡ್‌ಬೋಟ್ ಷರತ್ತು ಅನ್ವಯಿಸುತ್ತದೆ. ಓಡುವಾಗ ನೀವೋ, ಓಡಿಸಲು ಚೆನ್ನಾಗಿ ಬರುವ ಇನ್ನೊಬ್ಬರೋ ಹ್ಯಾಂಡಲ್ ಹಿಡಿದಿರಬೇಕು. ಬಯಲು ದಂಡೆಯಲ್ಲಿ ಕಟ್ಟಿಹಾಕಿ ಊಟಕ್ಕೆ ಹೋದಾಗ ಮುಳುಗಿದರೆ, ಹಗ್ಗ ಕಿತ್ತು ತೇಲಿಹೋದರೆ ಕ್ಲೇಮ್ ಇಲ್ಲ. ರೇಸೂ ಇಲ್ಲ. ನನ್ನ ಕೇಳಿದರೆ ಜೆಟ್ ಸ್ಕೀ ಬಿಟ್ಟು ಬೋಟೊಂದನ್ನೇ ತಗೊಳ್ಳಿ. ಹಳೇದಕ್ಕೆ ಬಿಲ್ ಇಲ್ಲ, ಬೆಲೆ ಕಟ್ಟಲು ಸರ್ವೇಯರ್ ಬೇಕು, ಸುಮ್ನೆ ತಲೆಬಿಸಿ.

ಬೇಸಿಗೆಯಲ್ಲಿ ನೀರು ಇಳಿದು ಬೋಟು ಶೆಡ್ಡಿನಲ್ಲೇ ಇರುತ್ತೆ ಅಲ್ವಾ? ಆ ತಿಂಗಳುಗಳನ್ನು ಪಾಲಿಸಿಯಲ್ಲಿ ಲೇ-ಅಪ್ ಅಂತ ಬರೆಸಿ, ಪ್ರೀಮಿಯಂ ಇಳಿಸಲು ಕೇಳಿ. ಆಗ ಮಾತ್ರ ನೆಂಟರು ಬಂದರು ಅಂತ ನೀರಿಗೆ ಇಳಿಸುವ ಹಾಗಿಲ್ಲ.

ಬೋಟು ನಡೆಸಲು ಹುಡುಗನನ್ನು ಇಟ್ಟರೆ ಅವನಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ, 18ರಿಂದ 70 ವರ್ಷದವರಿಗೆ. ಸುರಪುರದ ಕಡೆ ಕೃಷ್ಣೆಯಲ್ಲಿ ಹರಿಗೋಲು ಹಾಕುವವರಿಗೂ ನಾನು ಇದನ್ನೇ ಹೇಳೋದು. ವಿಮೆ ವರ್ಷ ಜೂನ್ 1ಕ್ಕೆ ಶುರು, ಅದಕ್ಕೆ ಮೇ ಕೊನೆಗೆ ಅವನ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿ ಇರುವ ಹಾಗೆ ನೋಡಿಕೊಳ್ಳಿ.