ಒಂದೇ ಪಂಪ್, ಅಷ್ಟೊಂದು ಔಷಧಿ ಹೇಗೆ?

ಬ್ಯಾಕ್ಟೀರಿಯಾದೊಳಗಿಂದ ಔಷಧಿಯನ್ನು ಹೊರಗೆಸೆಯುವ ಒಂದೇ ಪಂಪ್ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ಕನ್ನೂ ಪಿತ್ತರಸದ ಲವಣವನ್ನೂ ಹೇಗೆ ಗುರುತಿಸುತ್ತದೆ, ಅದಕ್ಕೆ ಶಕ್ತಿ ಎಟಿಪಿಯಿಂದ (ಜೀವಕೋಶದ ಇಂಧನದಂಥ ಅಣು) ಬರುತ್ತಾ ಅಂತ ಕೇಳಿದ್ದೀರಿ.

ಶಕ್ತಿಯ ವಿಷಯ ಮೊದಲು ಮುಗಿಸೋಣ. ಈ ಜಾತಿಯ ಪಂಪ್ ಎಟಿಪಿ ಬಳಸುವುದಿಲ್ಲ. ಪ್ರೋಟಾನ್‌ಗಳು ಪೊರೆ ದಾಟಿ ಒಳಗೆ ನುಗ್ಗುವ ರಭಸದಲ್ಲೇ ಓಡುತ್ತದೆ.

ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈನ ಪಂಪನ್ನೇ ನೋಡಿ. ಒಳಪೊರೆಯಲ್ಲಿ ಆ್ಯಕ್ರ್‌ಬಿ, ಹೊರಪೊರೆಯಲ್ಲಿ ಟಾಲ್‌ಸಿ ಎಂಬ ಕೊಳವೆ, ನಡುವೆ ಇವೆರಡನ್ನೂ ಜೋಡಿಸುವ ಆ್ಯಕ್ರ್‌ಎ. ಆ್ಯಕ್ರ್‌ಬಿಯಲ್ಲಿ ಒಂದೇ ಥರದ 3 ಪ್ರೋಟೀನ್‌ಗಳು ಸೇರಿಕೊಂಡಿವೆ. ಒಂದು ಪ್ರೋಟೀನ್ ಔಷಧಿಯನ್ನು ಒಳಗೆ ಬಿಟ್ಟುಕೊಳ್ಳುವಾಗ ಇನ್ನೊಂದು ಬಿಗಿಯಾಗಿ ಹಿಡಿದಿರುತ್ತದೆ, ಮೂರನೆಯದು ಕೊಳವೆಯತ್ತ ತಳ್ಳುತ್ತಿರುತ್ತದೆ. ಆಮೇಲೆ ಸರದಿ ಬದಲು. 2006ರಲ್ಲಿ ಪ್ರಕಟವಾದ ರಚನೆಗಳಲ್ಲಿ ಈ ಮೂರೂ ಭಂಗಿಗಳು ಒಟ್ಟಿಗೇ ಕಾಣಿಸಿದವು. ನನಗಂತೂ ಇದು ಈಗಲೂ ಬೆರಗು.

ಇನ್ನು ಗುರುತಿಸುವ ಮಾತು. ಅದು ಬೀಗ-ಕೀಲಿಯಷ್ಟು ಕಟ್ಟುನಿಟ್ಟಲ್ಲ. ಹಿಡಿಯುವ ಜಾಗ ದೊಡ್ಡದು, ಅದರ ಗೋಡೆಯಲ್ಲಿ ನೀರಿಗೆ ಒಗ್ಗದ ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ಜಾಸ್ತಿ. ಎಣ್ಣೆಯ ಗುಣವಿರುವ ಅಣುಗಳು ಅಲ್ಲಿ ಬೇರೆಬೇರೆ ಮೂಲೆ ಹಿಡಿದು ಕೂರುತ್ತವೆ. ಕರುಳಲ್ಲಿ ಬದುಕುವ ಬ್ಯಾಕ್ಟೀರಿಯಾಗೆ ಪಿತ್ತರಸ ದಿನನಿತ್ಯದ ಕಾಟ ಅಲ್ವಾ, ಅದನ್ನು ಎಸೆಯುವ ಪಂಪಿಗೆ ಆ್ಯಂಟಿಬಯೋಟಿಕ್ ಕೂಡ ಸಿಕ್ಕಿಬೀಳುತ್ತದೆ.

ಅಂದಹಾಗೆ, ಟೆಟ್ರಾಸೈಕ್ಲಿನ್‌ಗೆಂದೇ ಇರುವ ಟೆಟ್‌ಎ ಪಂಪ್ ಬೇರೆ. ಅದು ಔಷಧಿಯನ್ನು ಒಳಪೊರೆಯಷ್ಟೇ ದಾಟಿಸುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.