ಯುದ್ಧದ ದೇಶದಿಂದ ಬಂದ ನೆರೆಮನೆಯವರ ಮನಸ್ಸಿಗೆ ಬೆಂಗಳೂರಿನಲ್ಲಿ ಏನು ನೆರವು ಸಿಗುತ್ತದೆ?

ಪಕ್ಕದ ಮನೆಗೆ ಯುದ್ಧದ ದೇಶದಿಂದ ಒಂದು ಕುಟುಂಬ ಬಾಡಿಗೆಗೆ ಬಂದಿದೆ, ತಾಯಿ ರಾತ್ರಿಯಿಡೀ ಎದ್ದೇ ಇರುತ್ತಾರೆ, ಹೊರಗೆ ಬರುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ.

ಮೊದಲು, "ಅಲ್ಲಿ ಏನಾಯ್ತು?" ಎಂದು ಕೆದಕಬೇಡಿ. ಹೇಳಬೇಕು ಅನ್ನಿಸಿದಾಗ ಅವರೇ ಹೇಳುತ್ತಾರೆ. ಬಲವಂತ ಮಾಡಿದರೆ ನೋವು ಇನ್ನೂ ಜಾಸ್ತಿ ಆಗಬಹುದು. ನಿದ್ದೆ ಕೆಡಿಸುವುದು ಹಳೆಯ ನೆನಪು ಮಾತ್ರ ಅಲ್ಲ. ವೀಸಾ ಏನಾಗುತ್ತದೋ, ಬಾಡಿಗೆ ಹೇಗೆ ಕಟ್ಟುವುದೋ, ಮಗುವಿಗೆ ಶಾಲೆ ಸಿಗುತ್ತದೋ ಇಲ್ಲವೋ, ಇವೂ ಅಷ್ಟೇ ಕಾಡುತ್ತವೆ. ನಿರಾಶ್ರಿತರಿಗೆ ರಕ್ಷಣೆ ಕೊಡುವ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಬೇರೆ ಕಾನೂನೂ ಇಲ್ಲ. ಹಾಗಾಗಿ ಆ ಭಯ ಸುಮ್ನೆ ಹುಟ್ಟಿದ್ದಲ್ಲ. ತರಕಾರಿ ತರಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಶಾಲೆಯ ಅರ್ಜಿ ತುಂಬಿಕೊಡಿ. ಇದನ್ನು ಸಣ್ಣ ಸಹಾಯ ಅಂದುಕೊಳ್ಳಬೇಡಿ.

ವಾರಗಟ್ಟಲೆ ನಿದ್ದೆ, ಊಟ ಇಲ್ಲ ಅಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ಚಿಕಿತ್ಸೆಯ ಹಕ್ಕನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ, ಭಾರತದ ಪ್ರಜೆಗಳಿಗೆ ಮಾತ್ರ ಅಂದಿಲ್ಲ. ಭಾಷೆ ತೊಡಕಾದರೆ ಅವರ ಸಮುದಾಯದ, ಅವರು ನಂಬುವ ದೊಡ್ಡವರೊಬ್ಬರು ಜೊತೆಗಿರಲಿ. ದಯವಿಟ್ಟು ಮಕ್ಕಳಿಂದ ಅನುವಾದ ಮಾಡಿಸಬೇಡಿ. ಅಮ್ಮನ ಸಂಕಟವನ್ನು ಮಗು ತನ್ನ ಬಾಯಿಂದ ಡಾಕ್ಟರಿಗೆ ಹೇಳುವುದು ಎಷ್ಟು ಭಾರ, ಅಲ್ವಾ?

ಹೊರಗೆ ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ. ಕನ್ನಡದಲ್ಲಿ ನೀವೇ ಮಾತಾಡಿ ಸಲಹೆ ಕೇಳಬಹುದು. ಆದರೆ ಸಾಯುವ ಮಾತು ಬಂದರೆ ಕಾಯಲೇಬೇಡಿ. ಅವರನ್ನು ಒಬ್ಬರೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಹೊರಡಿ.