ಮೊಳ, ಗೂಟ, ಪರದೆಗಳ ಅಧ್ಯಾಯಗಳನ್ನು ಬಿಟ್ಟು ಓದಬಹುದೇ?

ಪ್ರಶ್ನೆ: ಬೈಬಲನ್ನು ಮೊದಲಿನಿಂದ ಓದಲು ಕುಳಿತಿದ್ದೇನೆ. ಎರಡನೆಯ ಪುಸ್ತಕವಾದ ವಿಮೋಚನಕಾಂಡದ ಅರ್ಧದವರೆಗೆ ಸಲೀಸಾಗಿ ಸಾಗಿತು. ದೇವದರ್ಶನದ ಗುಡಾರದ ವಿವರ ಶುರುವಾದ ಮೇಲೆ ತೂಕಡಿಕೆ ಬರುತ್ತಿದೆ. ಹಲಗೆ, ಕೊಂಡಿ, ಪರದೆ, ಗೂಟ. ಸಾಲದೆಂಬಂತೆ ಅದೇ ಪಟ್ಟಿ ಮತ್ತೊಮ್ಮೆ. ಎಲ್ಲೆಲ್ಲೂ ಇರುವ ದೇವರಿಗೆ ಗುಡಾರವೇಕೆ? ಈ ಭಾಗವನ್ನು ದಾಟಿ ಹೋದರೆ ತಪ್ಪೇ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ತಪ್ಪಲ್ಲ, ಆದರೆ ನಷ್ಟ ನಿಮ್ಮದೇ. 25ರಿಂದ 31ನೇ ಅಧ್ಯಾಯದವರೆಗೆ ಗುಡಾರ ಹೇಗಿರಬೇಕೆಂಬ ಅಪ್ಪಣೆ, 35ರಿಂದ 40ರವರೆಗೆ ಅದನ್ನು ಮಾಡಿದ ಬಗೆ. ಒಟ್ಟು 13 ಅಧ್ಯಾಯ. ಲೋಕದ ಸೃಷ್ಟಿಯನ್ನು ಎರಡೇ ಅಧ್ಯಾಯದಲ್ಲಿ ಹೇಳಿ ಮುಗಿಸಿದ ಗ್ರಂಥವಿದು ಎಂಬುದನ್ನು ಮರೆಯಬೇಡಿ.

25ನೇ ಅಧ್ಯಾಯದ 8ನೇ ವಚನವನ್ನು ನಿಧಾನವಾಗಿ ಓದಿ. ಪವಿತ್ರಸ್ಥಾನವನ್ನು ಕಟ್ಟಿರಿ, ‘ಅದರಲ್ಲಿ’ ವಾಸಿಸುತ್ತೇನೆ ಎಂದು ಅಲ್ಲಿಲ್ಲ. ‘ಅವರ ಮಧ್ಯದಲ್ಲಿ’ ಎಂದಿದೆ. ಎಲ್ಲೆಲ್ಲೂ ಇರುವುದು ಬೇರೆ, ನೆರೆಗೆ ಬಂದು ನೆಲೆಸುವುದು ಬೇರೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಹೊರಟಿದ್ದ ಇಸ್ರಾಯೇಲ್ ಜನ ಡೇರೆಗಳಲ್ಲಿದ್ದರು, ಆದ್ದರಿಂದ ಆತನದೂ ಡೇರೆಯೇ. ಪಾಳೆಯದ ನಾಲ್ಕು ದಿಕ್ಕಿಗೂ ಮೂರು ಮೂರು ಕುಲಗಳು, ನಡುವೆ ಈ ಗುಡಾರ.

ಇನ್ನು ಪಟ್ಟಿ ಎರಡು ಸಲ ಬರುವ ವಿಚಾರ. ನಡುವಿನ ಮೂರು ಅಧ್ಯಾಯಗಳಲ್ಲಿ ಏನಾಯಿತು ನೋಡಿ. ಜನರ ನಾಯಕ ಮೋಶೆ ಈ ಅಪ್ಪಣೆ ಪಡೆಯುತ್ತಾ ಇನ್ನೂ ಬೆಟ್ಟದ ಮೇಲಿದ್ದಾಗಲೇ ಕೆಳಗೆ ಜನ ಕಿವಿಯೋಲೆಗಳನ್ನು ಬಿಚ್ಚಿ ಕೊಟ್ಟು ಪೂಜಿಸಲು ಬಂಗಾರದ ಕರುವನ್ನು ಮಾಡಿಸಿಕೊಂಡರು. ಆಗ ದೇವರು, ನಾಡನ್ನೇನೋ ಕೊಡುತ್ತೇನೆ, ನಿಮ್ಮ ಮಧ್ಯದಲ್ಲಿ ಮಾತ್ರ ಬರುವುದಿಲ್ಲ, ಬಂದರೆ ದಾರಿಯಲ್ಲೇ ನೀವು ನಾಶವಾದೀರಿ ಎನ್ನುತ್ತಾನೆ. ಹಾಲೂ ಜೇನೂ ಹರಿಯುವ ನಾಡು ಸಿಗುತ್ತದಲ್ಲ, ಸಾಕು ಎನ್ನಬಹುದಿತ್ತು. ಮೋಶೆ ಒಪ್ಪಲಿಲ್ಲ: ನೀನು ಬಾರದಿದ್ದರೆ ನಮ್ಮನ್ನು ಇಲ್ಲಿಂದ ಕದಲಿಸಲೂ ಬೇಡ ಎಂದು ಪಟ್ಟು ಹಿಡಿದ. ಅಲ್ಲಿಗೆ ಗುಡಾರದ ಯೋಜನೆಯೇ ಮುರಿದುಬೀಳುವುದರಲ್ಲಿತ್ತು. ಹಾಗಾಗಿ 35ರಿಂದ ಅದೇ ಹಲಗೆ, ಅದೇ ಕೊಂಡಿಗಳು ಮರಳಿ ಬಂದಾಗ ನನಗಂತೂ ಬೇಸರವಾಗುವುದಿಲ್ಲ. ಮುರಿದ ಮದುವೆಯ ಮಾತುಕತೆ ಕೂಡಿಬಂದ ಮೇಲೆ ಚಪ್ಪರದ ಕಂಬ ಎಣಿಸಲು ಯಾರಿಗೆ ಬೇಸರ? ಕರುವಿಗೆ ಓಲೆ ಕೊಟ್ಟಿದ್ದ ಜನ ಈಗ ಗುಡಾರಕ್ಕೂ ಓಲೆಗಳನ್ನು ತಂದರು. ತಂದದ್ದು ಹೆಚ್ಚಾಗಿ, ಇನ್ನು ಸಾಕೆಂದು ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು.

ಒಂದು ಸಣ್ಣ ವಿವರ ನನಗೆ ಅಚ್ಚುಮೆಚ್ಚು. ಗುಡಾರದ ಒಳಗೋಣೆಯಲ್ಲಿಡುತ್ತಿದ್ದ, ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆಯೇ ಮಂಜೂಷ. ಅದನ್ನು ಹೊರುವ ಕೋಲುಗಳನ್ನು ಬಳೆಗಳಿಂದ ಎಂದೂ ತೆಗೆಯಬಾರದು ಎಂಬ ಕಟ್ಟಳೆಯಿದೆ (25:15). ಇಳಿಸಿಟ್ಟಾಗಲೂ ಹೊರಡಲು ಸಿದ್ಧ! ಮುಂದೆ ಅರಸ ಸೊಲೊಮೋನ ಯೆರೂಸಲೇಮಿನಲ್ಲಿ ಕಲ್ಲಿನ ದೇವಾಲಯ ಕಟ್ಟಿ ಮಂಜೂಷವನ್ನು ಒಳಗಿಟ್ಟ ಮೇಲೂ ಕೋಲುಗಳು ಉದ್ದವಾಗಿದ್ದುದರಿಂದ ಅವುಗಳ ತುದಿ ಗರ್ಭಗುಡಿಯ ಮುಂದಿನಿಂದ ಕಾಣಿಸುತ್ತಿತ್ತು. ಆಕಾಶವೇ ಹಿಡಿಸಲಾರದ ನಿನ್ನನ್ನು ಈ ಮನೆ ಹಿಡಿಸೀತೇ ಎಂದು ಸೊಲೊಮೋನನೇ ಪ್ರಾರ್ಥಿಸುತ್ತಾನೆ. ನಿಮ್ಮ ಪ್ರಶ್ನೆ ಅವನಿಗೂ ಹೊಳೆದಿತ್ತು.

ಆಮೇಲಿನವರು ಇದನ್ನು ಮರೆತು ಕಟ್ಟಡವನ್ನೇ ನೆಚ್ಚಿಕೊಂಡರು. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ದೇವರ ಮಹಿಮೆ ಮೊದಲು ಹೊಸ್ತಿಲಿಗೆ, ನಂತರ ಪೂರ್ವದ ಬಾಗಿಲಿಗೆ, ಕೊನೆಗೆ ಪಟ್ಟಣದ ಮೂಡಲ ಬೆಟ್ಟಕ್ಕೆ ಸರಿಯುತ್ತದೆ. ಸುಮಾರು ಕ್ರಿ.ಪೂ. 586ರಲ್ಲಿ ಬಾಬೆಲಿನವರು ಆ ದೇವಾಲಯವನ್ನು ಸುಟ್ಟರು. ಆದರೆ ಸೆರೆಹೋದವರ ನಡುವೆ, ಬಾಬೆಲಿನ ಕೆಬಾರ್ ನದಿಯ ಬಳಿ, ಯೆಹೆಜ್ಕೇಲ ಕಂಡದ್ದು ಚಕ್ರಗಳಿದ್ದ ಸಿಂಹಾಸನವನ್ನು.

ಯೋಹಾನನ ಸುವಾರ್ತೆಯೂ (1:14) ಯೇಸುವಿನ ಬಗ್ಗೆ ಹೇಳುವಾಗ ಇದನ್ನೇ ನೆನಪಿಸುತ್ತದೆ. ಕನ್ನಡದಲ್ಲಿ ‘ವಾಸಮಾಡಿದನು’ ಎಂದು ಓದುತ್ತೇವೆ; ಗ್ರೀಕ್ ಕ್ರಿಯಾಪದದ ಬೇರಿನಲ್ಲಿರುವುದು ಡೇರೆ. ‘ನಮ್ಮ ನಡುವೆ ಬಿಡಾರ ಹೂಡಿದನು’ ಎಂದರೆ ಇನ್ನೂ ಹತ್ತಿರವಾದೀತು.

ನನ್ನ ಸಲಹೆ ಇಷ್ಟೇ: ಮೊದಲು 32ರಿಂದ 34ರವರೆಗೆ ಓದಿಬಿಡಿ. ಓಲೆಗಳು ಮತ್ತೆ ಬರುವುದು 35ನೇ ಅಧ್ಯಾಯದ 22ನೇ ವಚನದಲ್ಲಿ. ಅಲ್ಲಿಂದ ಹಲಗೆಗಳನ್ನು ಎಣಿಸಲು ಶುರುಮಾಡಿ.